ಮೂರನೇ ಸುತ್ತಿಗೆ ಮುನ್ನ

ಸವಣೂರಿನ ಕರೀಮಸಾಬ ವಸ್ತಾದರಿಗೆ,

ಲಖನೌದಿಂದ ನೇತ್ರಾ ಮಾಡುವ ನಮಸ್ಕಾರಗಳು. ಬಾನುಬಿ ಚಾಚಿಗೆ ನನ್ನ ಸಲಾಮು ತಿಳಿಸಿರಿ. ಅವರು ಪಕ್ಕದಲ್ಲೇ ಕೂತಿದ್ದರೆ ಇದನ್ನು ಗಟ್ಟಿಯಾಗಿ ಓದಿರಿ. ಅವರ ಹೆಸರು ಬಂದ ಕಡೆ ದನಿ ಸಣ್ಣ ಮಾಡಬೇಡಿರಿ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನಿಮಗೆ ಯಾರು ಏನು ಹೇಳಲಾದೀತು? ನಾನು ಬಾಯಿ ತೆರೆಯುವಷ್ಟರಲ್ಲಿ "ಉಂಡಿಯೇನು, ಹಾಲು ಕುಡದಿಯೇನು, ಕಾಲು ಹಗರ ಅದಾವೇನು" ಎಂದು ಕೇಳಿ, "ಆತು, ಮಲಕೋ ಹೋಗು" ಎಂದು ನೀವೇ ಇಟ್ಟುಬಿಡುತ್ತೀರಿ. ಪತ್ರವನ್ನಾದರೆ ನಡುವೆ ಇಡಲು ಬರುವುದಿಲ್ಲ.

ನಾಳೆ ಸಂಜೆ ರಾಷ್ಟ್ರೀಯ ಬಾಕ್ಸಿಂಗ್ ಫೈನಲ್. ಎಂಬತ್ತು ಕಿಲೋ ದಾಟಿದ ಹೆಂಗಸರ ವಿಭಾಗ. ಎದುರಿಗೆ ಹೋದ ವರ್ಷ ನನ್ನನ್ನು ಸೋಲಿಸಿದ ಅದೇ ಹರಿಯಾಣದ ಹುಡುಗಿ. ಗೆದ್ದವಳು ಭಾರತದ ತಂಡಕ್ಕೆ ಹೋಗುತ್ತಾಳೆ, ಸೋತವಳು ರೈಲು ಹತ್ತುತ್ತಾಳೆ. ಇವತ್ತು ಮಧ್ಯಾಹ್ನ ರಾಜ್ಯ ತಂಡದ ಕೋಚ್ ನನಗೆ ವಿಶ್ರಾಂತಿ ಕೊಟ್ಟು ಹೋಗಿದ್ದಾರೆ. ಮಲಗಿದರೆ ನಿದ್ದೆ ಹತ್ತಲಿಲ್ಲ. ಎದ್ದು ಕೂತು ಬರೆಯುತ್ತಿದ್ದೇನೆ.

ಅಪ್ಪ ನನ್ನನ್ನು ನಿಮ್ಮ ಹತ್ತಿರ ಕರೆತಂದ ದಿನ ನಿಮಗೆ ನೆನಪಿದೆಯೋ ಇಲ್ಲವೋ. ಅಕ್ಕಿಆಲೂರಿನ ರೈಸ್ ಮಿಲ್ಲಿನಲ್ಲಿ ಚೀಲ ಹೊರುವ ನನ್ನಪ್ಪ ಗುತ್ತೆಪ್ಪ ಒಂದು ಕಾಲಕ್ಕೆ ನಿಮ್ಮ ಗರಡಿಯ ಪೈಲ್ವಾನ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ನಾನಾಗ ಸವಣೂರಿನಲ್ಲಿ ಕಾಲೇಜು ಸೇರಿದ್ದೆ. ಬಸ್ಸಿನಲ್ಲಿ ಇಬ್ಬರ ಸೀಟು ಹಿಡಿಯುವ ಹುಡುಗಿ ಎಂದು ಎಲ್ಲರೂ ನಗುತ್ತಿದ್ದರಿಂದ ಭುಜ ಮುಂದಕ್ಕೆ ಬಾಗಿಸಿ, ಇದ್ದದ್ದಕ್ಕಿಂತ ಸಣ್ಣಗೆ ಕಾಣಲು ಹೆಣಗುತ್ತಿದ್ದೆ. ಅಪ್ಪ, "ಹೆಣ್ಣು ಮಗಳು ಖರೆ, ಆದ್ರ ಮೈಯಾಗ ನನ್ನ ತಾಕತ್ತು ಐತ್ರಿ ವಸ್ತಾದ್ರ" ಎಂದ. ನೀವು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕವ್ವಾ ಹಂಗ ಬಾಗಿ ನಿಂತಿ? ದೇವ್ರು ಇಷ್ಟು ಮೈ ಕೊಟ್ಟಾನ, ಮುಚ್ಚಿಡಾಕ ಕೊಟ್ಟಾನೇನು?" ಎಂದಿರಿ. ನನ್ನ ಮೈಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಅವತ್ತು ಹಾಸ್ಟೆಲಿಗೆ ಹೋಗುವಾಗ ದಾರಿಯುದ್ದಕ್ಕೂ ನೆಟ್ಟಗೆ ನಡೆದೆ.

ಆದರೆ ಗರಡಿಯ ಮಣ್ಣನ್ನು ಹೆಂಗಸರು ತುಳಿಯಬಾರದು ಎಂಬ ಪದ್ಧತಿ ಇತ್ತು. ನೀವು ಪದ್ಧತಿಯ ಜೊತೆ ವಾದಕ್ಕೆ ನಿಲ್ಲಲಿಲ್ಲ. ಎಣ್ಣೆ, ಮಜ್ಜಿಗೆ, ನಿಂಬೆಹಣ್ಣು ಕುಡಿಸಿ ಹದ ಮಾಡಿದ ಆ ಕೆಂಪು ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದು, ಮನೆಯ ಹಿತ್ತಲಿನಲ್ಲಿ, ಚಾಚಿಯ ನುಗ್ಗೆಗಿಡದ ಪಕ್ಕ ಬೇರೆ ಅಖಾಡವನ್ನೇ ಮಾಡಿದಿರಿ. "ಆಕಿ ಗರಡಿಗೆ ಬರೂದು ಬ್ಯಾಡ ಅಂದ್ರ ಗರಡಿನ ಆಕಿ ಕಡೆ ಬರಲಿ" ಎಂದಿರಂತೆ. ಇದನ್ನು ಚಾಚಿ ಹೇಳಿದ್ದು. ನೀವು ನನಗೆ ಹೇಳಿದ್ದು, "ಹಿತ್ತಲ ಖಾಲಿ ಬಿದ್ದಿತ್ತು" ಎಂದಷ್ಟೇ.

ಎರಡು ವರ್ಷ ಕುಸ್ತಿ ಕಲಿಸಿದಿರಿ. ಆಮೇಲೆ ಕಾಲೇಜಿನ ಆಟದ ಮೇಷ್ಟ್ರು ನನ್ನ ಕೈಗೆ ಗ್ಲೌಸು ಹಾಕಿದಾಗ ಒಂದು ವಾರ ಮಾತು ಬಿಟ್ಟಿರಿ. ಎಂಟನೆಯ ದಿನ "ಬಾಕ್ಸಿಂಗ್ ಅಂದ್ರ ನಿಂತು ಬಡಿಯೂದ ಹೌದಿಲ್ಲೋ? ನಡಿ, ನೋಡೂಣು" ಎಂದು ನನ್ನ ಮೊದಲ ಪಂದ್ಯಕ್ಕೆ ಹುಬ್ಬಳ್ಳಿಗೆ ಬಂದಿರಿ. ಆ ಪಂದ್ಯವನ್ನು ನೆನೆದರೆ ಇಲ್ಲಿ ಕೂತು ಈಗಲೂ ನಗು ಬರುತ್ತದೆ. ಎದುರಾಳಿ ನನ್ನ ಏಟಿಗೆ ಬಿದ್ದಳು. ಬಿದ್ದವಳನ್ನು ಬಿಟ್ಟು ಮೂಲೆಗೆ ಹೋಗಬೇಕಿತ್ತು. ನಾನು ಹಾರಿ ಅವಳ ಮೇಲೆ ಬಿದ್ದು, ಕುಸ್ತಿಯಲ್ಲಿ ಗೆಲ್ಲುವಂತೆ ಎರಡೂ ಭುಜ ನೆಲಕ್ಕೆ ಒತ್ತಿ ಹಿಡಿದೆ. ಮಂದಿ ಸುಮ್ಮನೆ ಕೂತಿದ್ದರು. ನೀವೊಬ್ಬರೇ ಎದ್ದು ನಿಂತು "ಚಿತ್! ಚಿತ್!" ಎಂದು ಕೂಗಿ ರುಮಾಲು ಹಾರಿಸಿದಿರಿ. ನನ್ನನ್ನು ಪಂದ್ಯದಿಂದ ಹೊರಗೆ ಹಾಕಿದರು. ನೀವು ರೆಫರಿಯನ್ನು ಬಾಗಿಲವರೆಗೆ ಬೆನ್ನಟ್ಟಿ, "ಬೆನ್ನು ನೆಲಕ್ಕ ಹಚ್ಯಾಳ, ಇನ್ನೇನು ಮಾಡಬೇಕಿತ್ರಿ ಆಕಿ?" ಎಂದು ಕೇಳಿದಿರಿ. ಬಸ್ಸಿನಲ್ಲಿ ನಾನು ಅಳುತ್ತ ಕೂತರೆ ನೀವು ಸವಣೂರ ಖಾರಾದ ಪೊಟ್ಟಣ ಬಿಚ್ಚಿ, "ತಿನ್ನು. ಕಾನೂನು ಇಬ್ಬರೂ ಕಲಿಯೂಣು" ಎಂದಿರಿ. ಆ ವಯಸ್ಸಿನಲ್ಲಿ ಶಿಷ್ಯೆಯ ಜೊತೆ ಕೂತು ಹೊಸದು ಕಲಿಯುತ್ತೇನೆ ಎನ್ನುವ ವಸ್ತಾದ ಎಷ್ಟು ಮಂದಿಗೆ ಸಿಗುತ್ತಾರೆ, ನೀವೇ ಹೇಳಿರಿ.

ಹೋದ ವರ್ಷ ಸೋತ ಬಗೆ ನಿಮಗೆ ಗೊತ್ತು. ಎರಡು ಸುತ್ತು ನನ್ನವೇ ಆಗಿದ್ದವು. ಮೂರನೆಯದರಲ್ಲಿ ಉಸಿರು ಮುಗಿಯಿತು. ಕೈ ಎತ್ತಲು ಬಾರದೆ ನಿಂತಿದ್ದ ನನ್ನನ್ನು ಆ ಹುಡುಗಿ ಹೊಡೆಯುತ್ತಲೇ ಹೋದಳು. ರೆಫರಿ ನಡುವೆ ಬಂದು ನಿಲ್ಲಿಸಿದರು. ಮನೆಗೆ ಬಂದು ಗ್ಲೌಸುಗಳನ್ನು ಅಟ್ಟಕ್ಕೆ ಎಸೆದು, ಇನ್ನು ಸಾಕು ಎಂದೆ. ನೀವು ಸಂತೆಯ ದಿನ ಅಕ್ಕಿಆಲೂರಿಗೆ ಬಂದು, ಅವ್ವ ಕೊಟ್ಟ ಚಹಾ ಕುಡಿದು, "ಕೈ ಸೋತಿಲ್ಲವ್ವಾ, ಧೈರ್ಯಾನೂ ಸೋತಿಲ್ಲ. ದಮ್ಮು ಸೋತತಿ. ದಮ್ಮು ಮಾಡಿದ್ರ ಬರ್ತತಿ" ಎಂದಿರಿ. ಅವ್ವ ನಿಮ್ಮ ಮುಂದೆಯೇ ನಿಚ್ಚಣಿಕೆ ತಂದು ಅಟ್ಟಕ್ಕೆ ಹಚ್ಚಿದಳು.

ಆ ದಮ್ಮು ಮಾಡಲು ಹೋಗಿ ಮೊದಲ ತಿಂಗಳು ನೀವು ನನ್ನನ್ನು ಕೊಂದೇ ಹಾಕಿದ್ದಿರಿ. ಪೈಲ್ವಾನರಿಗೆ ಕುಡಿಸುವಂತೆ ಬದಾಮಿ ಹಾಲು, ತುಪ್ಪ, ಉತ್ತತ್ತಿ ಎಂದು ತುರುಕಿದಿರಿ. ನಾನು ಎಮ್ಮೆಯಂತೆ ಭಾರವಾಗಿ, ಹೆಜ್ಜೆ ಕಿತ್ತಿಡಲು ಬಾರದೆ, ಓಡುವಾಗ ರಸ್ತೆ ಬದಿಯಲ್ಲಿ ವಾಂತಿ ಮಾಡಿಕೊಂಡೆ. ಕೋಚ್ ಫೋನಿನಲ್ಲಿ ನಿಮ್ಮನ್ನು ಬಯ್ದರು. ನೀವು ಪೂರ್ತಿ ಕೇಳಿ, "ತಪ್ಪಾತ್ರಿ ಸರ್. ಏನು ಉಣಸಬೇಕು, ಹೇಳ್ರಿ" ಎಂದಿರಿ. ಊರೆಲ್ಲ ವಸ್ತಾದರೇ ಎನ್ನುವ ಮನುಷ್ಯ ನನಗಾಗಿ ಹಾಗೆ ಬಯ್ಯಿಸಿಕೊಂಡದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಆಮೇಲೆ ಮುಂಜಾನೆ ಶಿಗ್ಗಾಂವ ರಸ್ತೆಯಲ್ಲಿ ಓಟ. ಹಿಂದೆ ನಿಮ್ಮ ಟಿವಿಎಸ್. ನಿಧಾನವಾದರೆ ಹಾರ್ನು. ಯಾರೋ "ಯಾರ ಬೆನ್ನ ಹತ್ತೀರಿ ವಸ್ತಾದ್ರ?" ಎಂದರೆ, "ನನಗ ಸಿಗವಲ್ಲಳು, ನೀ ಹಿಡದ ಕೊಡು ನೋಡೂಣು" ಎನ್ನುತ್ತಿದ್ದಿರಿ. ಸಂಜೆ ಹಿತ್ತಲಿನಲ್ಲಿ ಚಾಚಿ ಹೊಲಿದ ದಪ್ಪ ಕೌದಿಯನ್ನು ಹೊಟ್ಟೆಗೆ ಸುತ್ತಿ ಹಗ್ಗದಿಂದ ಬಿಗಿದು ನನ್ನ ಮುಂದೆ ನಿಲ್ಲುತ್ತಿದ್ದಿರಿ. ನಾನು ಅಂಜಿ ಮೆಲ್ಲಗೆ ಹೊಡೆದರೆ, "ನೊಣಾ ಹೊಡಿಯಾಕತ್ತಿ ಏನು?" ಎಂದು ಕೆಣಕುತ್ತಿದ್ದಿರಿ. ಸುತ್ತು ಮುಗಿದಾಗ ತಾಟು ಬಡಿಯುವ ಕೆಲಸ ಚಾಚಿಯದು. ಅವರೋ ಅಕ್ಕಿ ಆರಿಸುತ್ತ ಹೊತ್ತು ಮರೆತುಬಿಡುತ್ತಿದ್ದರು. ನಾವಿಬ್ಬರೂ ನಾಲಿಗೆ ಹೊರಗೆ ಬರುವವರೆಗೆ ಗುದ್ದಾಡುತ್ತಿದ್ದೆವು. ಮೂರು ನಿಮಿಷದ ಸುತ್ತು ನನಗೆ ಈಗ ಸಣ್ಣದೆನಿಸುತ್ತಿದ್ದರೆ ಅದು ಚಾಚಿಯ ಮರೆವಿನ ಪುಣ್ಯ. ಇಲ್ಲಿ ಸೆಮಿಫೈನಲ್ ಮುಗಿದಾಗ ಕೋಚ್ ನನ್ನ ನಾಡಿ ಹಿಡಿದು ನೋಡಿ ಬೆನ್ನು ತಟ್ಟಿದರು.

ಇನ್ನು ಈ ಪತ್ರ ಬರೆಯಲು ಕಾರಣವಾದ ಮಾತಿಗೆ ಬರುತ್ತೇನೆ.

ಇವತ್ತು ಬೆಳಿಗ್ಗೆ ಚಾಚಿ ಫೋನು ಮಾಡಿದ್ದರು. ಮಾತಿನ ನಡುವೆ, "ಇವರು ಈಗ ದಿನಾ ಮನ್ಯಾಗ ಇರ್ತಾರ, ನನ್ನ ತಲಿ ತಿಂತಾರ" ಎಂದರು. ಯಾಕೆ ಎಂದು ಕೇಳಿದರೆ ಅಡುಗೆಯ ಮಾತು ತೆಗೆದರು. ನಾನು ಬಿಡಲಿಲ್ಲ. ಗರಡಿಯ ಮಣ್ಣನ್ನು ಹೆಣ್ಣುಮಗಳ ಕಾಲಿಗೆ ಹಾಕಿದರು ಎಂದು, ಇಷ್ಟು ವರ್ಷ ಕಂಡೂ ಕಾಣದಂತಿದ್ದ ಗರಡಿಯ ಹಿರಿಯರು ಕೂಡಿ ನಿಮ್ಮನ್ನು ವಸ್ತಾದಿಕೆಯಿಂದ ಇಳಿಸಿದ್ದಾರಂತೆ. ನಾನು ರಾಜ್ಯ ತಂಡದ ಕ್ಯಾಂಪಿಗೆ ಹೊರಟ ಮೇಲೆ, ದಸರೆಗೂ ಮೊದಲೇ ಆದ ಮಾತಂತೆ. ದಸರೆಯಾದ ಮೇಲೂ ನೀವು ದಿನಾ ಫೋನಿನಲ್ಲಿ "ಗರಡ್ಯಾಗ ಅದೀನಿ, ಹುಡುಗ್ರಿಗೆ ಬಸ್ಕಿ ಹೊಡಸಾಕತ್ತೇನಿ" ಎಂದಿರಿ. ಹಿಂದಿನಿಂದ ಕೋಳಿ ಕೂಗುವುದು ಕೇಳಿಸುತ್ತಿತ್ತು. ಗರಡಿಯಲ್ಲಿ ಎಲ್ಲಿಯ ಕೋಳಿ ಎಂದು ನಾನಾದರೂ ಯೋಚಿಸಬಾರದಿತ್ತೇ? ಆ ಮಣ್ಣನ್ನು ನೀವು ನಲವತ್ತು ವರ್ಷ ಹದ ಮಾಡಿದಿರಿ. ಹಿರಿಯರು ಒಂದು ಮಾತು ಕೊಡು ಎಂದರಂತೆ, ಆ ಹುಡುಗಿಯನ್ನು ಇನ್ನು ಕಲಿಸುವುದಿಲ್ಲ ಎಂದು. ನೀವು ರುಮಾಲು ಹೆಗಲಿಗೆ ಹಾಕಿಕೊಂಡು ಎದ್ದು ಬಂದಿರಂತೆ.

ಚಾಚಿಯನ್ನು ಬಯ್ಯಬೇಡಿರಿ. ಹೇಳಿದ ಮೇಲೆ ಅವರೇ ಅತ್ತರು, ನಾಳೆಯ ಪಂದ್ಯ ಕೆಡಿಸಿಬಿಟ್ಟೆನಲ್ಲ ಎಂದು. ಮೊದಲು ನನಗೂ ಹಾಗೇ ಅನಿಸಿತು. ಗೆದ್ದು ಆ ಹಿರಿಯರ ಮುಖಕ್ಕೆ ಪದಕ ಹಿಡಿಯಬೇಕು ಎಂದು ಹಲ್ಲು ಕಡಿದೆ. ಮೈಯೆಲ್ಲ ಬಿಗಿಯಾಯಿತು, ಉಸಿರು ಮೇಲೆ ಮೇಲೆ ಬರತೊಡಗಿತು. ಆಗ ಹೊಳೆಯಿತು, ನೀವು ಇದನ್ನು ಮುಚ್ಚಿಟ್ಟದ್ದು ಇದಕ್ಕೇ. ನಿಮ್ಮ ಭಾರ ಹೊತ್ತುಕೊಂಡು ನಾನು ರಿಂಗಿಗೆ ಹತ್ತಬಾರದು ಎಂದು. ಅದಕ್ಕೇ ಆ ಸಿಟ್ಟನ್ನೆಲ್ಲ ಈ ಹಾಳೆಯ ಮೇಲೆ ಇಳಿಸಿದ್ದೇನೆ. ನಾಳೆ ನಾನು ಯಾರ ಸೇಡಿಗಾಗಿಯೂ ಆಡುವುದಿಲ್ಲ.

ಸ್ಪೀಡ್ ಪೋಸ್ಟಾದರೂ ಇದು ಸವಣೂರು ಮುಟ್ಟಲು ನಾಲ್ಕು ದಿನ ಬೇಕು. ನೀವು ಓದುವ ಹೊತ್ತಿಗೆ ನಾನು ಗೆದ್ದೆನೋ ಸೋತೆನೋ ಊರಿಗೆಲ್ಲ ಗೊತ್ತಾಗಿರುತ್ತದೆ. ಬರೆಯುತ್ತಿರುವ ನನಗೆ ಮಾತ್ರ ಗೊತ್ತಿಲ್ಲ. ಬೇಕೆಂದೇ ಈಗ ಬರೆಯುತ್ತಿದ್ದೇನೆ. ಗೆದ್ದ ಮೇಲೆ ನಿಮ್ಮಿಂದಲೇ ಎಂದರೆ ಅದು ಪದಕದ ಮಾತಾಗುತ್ತದೆ. ಸೋತ ಮೇಲೆ ಅಂದರೆ ಸಮಾಧಾನದ ಮಾತಾಗುತ್ತದೆ. ನಿಮಗೆ ನಾನು ಸಲ್ಲಿಸಬೇಕಾದ ಕೃತಜ್ಞತೆಗೆ ಅವೆರಡರ ಹಂಗೂ ಬೇಡ. ವಸ್ತಾದರೇ, ನೀವು ನನ್ನನ್ನು ನೆಟ್ಟಗೆ ನಿಲ್ಲಿಸಿದಿರಿ. ವರ್ಷವಿಡೀ ನಾನು ಹೆದರಿದ್ದ ಆ ಮೂರನೇ ಸುತ್ತು ನಾಳೆ ಬರಲಿ ಎಂದು ಈಗ ಕಾಯುತ್ತಿದ್ದೇನೆ. ನಿಮ್ಮಿಂದ ನನಗೆ ಬರಬೇಕಾದ್ದು ಪೂರ್ತಿ ಬಂದಿದೆ.

ನಿಮ್ಮ ಮೊಣಕಾಲ ನೋವು ಕಡಿಮೆಯಾಗಲಿ, ಚಾಚಿಗೂ ನಿಮಗೂ ದೇವರು ಗಟ್ಟಿ ಆಯುಷ್ಯ ಕೊಡಲಿ. ಹಿತ್ತಲ ಮಣ್ಣಿಗೆ ನೀರು ಹೊಡೆಯುತ್ತಿರಿ, ಒಣಗಲು ಬಿಡಬೇಡಿರಿ. ನನ್ನ ಹಾಸ್ಟೆಲಿನಲ್ಲಿದ್ದ ನೀಲಾಂಬಿಕಾ ಎಂಬ ಹಿರೇಕೆರೂರಿನ ಹುಡುಗಿಗೆ ನಿಮ್ಮ ಮನೆಯ ದಾರಿ ಹೇಳಿದ್ದೇನೆ. ಅವಳೂ ಬಾಗಿ ನಿಲ್ಲುತ್ತಾಳೆ.

ನಿಮ್ಮ ಕೈಯಲ್ಲಿ ಬೆಳೆದವಳು,
ನೇತ್ರಾ ಗುತ್ತೆಪ್ಪ