ಸುಡುವ ಮೈಗೆ ಚಳಿ

ಕ್ರಿಸ್ತಶಕ ೨೧೯೧, ಎರಡನೇ ಬೇಸಿಗೆ, ಐದನೇ ತಿಂಗಳ ಮೂವತ್ತಾರನೇ ತಾರೀಖು
ಕನ್ನಡಿಬಯಲು, ತುಂಗಭದ್ರೆಯ ಒಣ ದಂಡೆ

ಹಿಂದಿನ ಕಾಲದ ನನ್ನ ಜನರೇ,

ತಾರೀಖು ನೋಡಿ ನಗಬೇಡಿ. ಮಳೆಗಾಲ ಹೆಸರಿಗಷ್ಟೇ ಉಳಿದ ಮೇಲೆ ನಮ್ಮ ಪಂಚಾಂಗವನ್ನು ಬಿಸಿಲೇ ಬರೆಯುತ್ತದೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಆ ಪದಗಳನ್ನು ನಾವು ಬೇಕೆಂದು ಹುಟ್ಟಿಸಿಕೊಂಡಿಲ್ಲ. ಕೂಲಿಯ ಜೊತೆ ಬಂದವು. ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೋ ನನಗೆ ಗೊತ್ತಿಲ್ಲ. ಕೈ ಸುಮ್ಮನೆ ಕೂತರೆ ಹೆದರಿಕೆಗೆ ಹುಚ್ಚು ಹಿಡಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಹೆಸರು ತಿಪ್ಪವ್ವ. ಮಗಳು ಸುಗಂಧಿ ಪಕ್ಕದಲ್ಲೇ ನೆಲದ ಮೇಲೆ ಮಲಗಿದ್ದಾಳೆ. ಅವಳ ಮೈ ಕೆಂಡದ ಹಾಗೆ ಸುಡುತ್ತಿದೆ. ಅವಳು ಚಳಿಯೆಂದು ನಡುಗುತ್ತಿದ್ದಾಳೆ.

ಮೊದಲು ನಿಮ್ಮ ಮೈಯ ಸಂಗತಿ ಹೇಳುತ್ತೇನೆ, ನೀವು ಅದನ್ನು ಗಮನಿಸಿರಲಾರಿರಿ. ಯಾರ ಅಪ್ಪಣೆಯೂ ಇಲ್ಲದೆ ನಿಮ್ಮೊಳಗೆ ಒಂದು ಹದ ನಡೆದಿದೆ. ಬಿಸಿಲೇರಿದರೆ ರಕ್ತ ಚರ್ಮದ ಹತ್ತಿರ ಬಂದು ಕಾವನ್ನು ಹೊರಗೆ ಚೆಲ್ಲುತ್ತದೆ, ಬೆವರು ಒಡೆದು ಮೈ ಆರುತ್ತದೆ. ಚಳಿಯಾದರೆ ಅದೇ ರಕ್ತ ಒಳಗೆ ಸರಿದು ಕಾವು ಕಾಯುತ್ತದೆ, ಸ್ನಾಯುಗಳು ನಡುಗಿ ಬಿಸಿ ಹುಟ್ಟಿಸುತ್ತವೆ. ನೀರು ಕಡಿಮೆಯಾದರೆ ಮೂತ್ರಪಿಂಡ ಬಿಗಿ ಹಿಡಿಯುತ್ತದೆ, ಬಾಯಿ ಒಣಗಿ ನೀರು ಕೇಳುತ್ತದೆ. ಉಂಡ ಮೇಲೆ ರಕ್ತದಲ್ಲಿ ಏರಿದ ಸಕ್ಕರೆಯನ್ನು ಇಳಿಸುವುದೂ, ಉಪವಾಸದಲ್ಲಿ ಕೂಡಿಟ್ಟದ್ದನ್ನು ಬಿಚ್ಚುವುದೂ ಅದರದೇ ಕೆಲಸ. ಮೈಯಲ್ಲಿ ಎಷ್ಟು ಕಾವಿರಬೇಕು ಅನ್ನುವ ಗೆರೆಯೊಂದು ಮಿದುಳಿನಲ್ಲಿದೆ. ಕೇಳಿ: ದಣಿಯ ಮಿದುಳಲ್ಲೂ, ಗಟಾರ ಬಳಿಯುವವನ ಮಿದುಳಲ್ಲೂ ಆ ಗೆರೆ ಒಂದೇ ಕಡೆ ಇದೆ. ಊರು, ಕೇರಿ, ಬಾವಿ, ಸುಡುಗಾಡು ಎಲ್ಲವನ್ನೂ ಬೇರೆ ಮಾಡಿದ ಜನಕ್ಕೆ ಇದೊಂದನ್ನು ಬೇರೆ ಮಾಡಲು ಆಗಿರಲಿಲ್ಲ.

ಈಗ ಆಗಿದೆ.

ನಾವು ಕನ್ನಡಿ ಒರೆಸುವವರು. ಬಿಸಿಲನ್ನು ಹಿಡಿದು ಶಹರಗಳಿಗೆ ತಂಪು ಕಳಿಸುವ ಕನ್ನಡಿಗಳು ಇಲ್ಲಿ ಕಣ್ಣು ಹಾಯುವವರೆಗೂ ನಿಂತಿವೆ. ಅವುಗಳ ನಡುವೆ ಒಣ ಬಟ್ಟೆ ಹಿಡಿದು ನಾವು ನಡೆಯುತ್ತೇವೆ. ಮೇಲಿನ ಬಿಸಿಲು ಒಂದು, ಗಾಜಿನ ಬಿಸಿಲು ಇನ್ನೊಂದು. ಬೆವರಿದವರಿಗೆ ನೀರು ಕೊಡಬೇಕಲ್ಲ? ಈ ಕನ್ನಡಿಗಳ ಒಡೆತನದ ಕಂಪನಿಗೆ ಆ ನೀರನ್ನೂ ಉಳಿಸುವ ಆಸೆ ಹುಟ್ಟಿತು. ಕಾವು ಹಿಡಿತ ತಪ್ಪಿದ ರೋಗಿಗಳಿಗೆಂದು ಯಾರೋ ಪುಣ್ಯಾತ್ಮರು ಮಾಡಿದ್ದ ಅಕ್ಕಿಕಾಳಿನಷ್ಟು ಯಂತ್ರವನ್ನು ತಂದು ನಮ್ಮ ಕತ್ತಿನ ಬುಡದಲ್ಲಿ ಹೂತರು. ಅದರ ಹೆಸರು ಹದಗಾರ. ಅದು ಮೈಯನ್ನು ತಂಪು ಮಾಡುವುದಿಲ್ಲ. ಮಿದುಳಿನ ಆ ಗೆರೆಯನ್ನು ಮೇಲಕ್ಕೆ ಸರಿಸುತ್ತದೆ. ಜ್ವರ ಬಂದಾಗ ಆಗುವುದೂ ಇದೇ. ಗೆರೆ ಮೇಲೆ ಹೋದರೆ ಕುದಿಯುವ ಮೈ ತನ್ನನ್ನು ತಾನು ತಂಪಾಗಿದೆ ಎಂದುಕೊಳ್ಳುತ್ತದೆ. ಬೆವರುವುದಿಲ್ಲ, ನೀರು ಕೇಳುವುದಿಲ್ಲ, ನೆರಳು ಹುಡುಕುವುದಿಲ್ಲ. ಮೇಲಿನವರ ಕತ್ತಿನಲ್ಲಿ ಹದಗಾರ ಇಲ್ಲ, ಅವರಿಗೆ ತಣ್ಣನೆಯ ಕೋಣೆಗಳಿವೆ.

ನನ್ನ ಕತ್ತಿನಲ್ಲಿರುವುದು ಹಳೆಯದು, ಗೆರೆಯನ್ನು ತುಸುವೇ ಎತ್ತುತ್ತದೆ. ಬದುಕಿದ್ದೇನೆ. ಹೊಸ ಹದಗಾರಗಳ ಗೆರೆಯನ್ನು ಕಂಪನಿ ಕೂತಲ್ಲಿಂದಲೇ ಏರಿಸಬಲ್ಲದು, ಈ ಬೇಸಿಗೆ ಏರಿಸಿದೆ. ಮೊದಲು ಹೋದವಳು ನಮ್ಮ ಓಣಿಯ ದ್ಯಾಮವ್ವ. ನಡು ಮಧ್ಯಾಹ್ನ ಕೆಲಸ ಬಿಟ್ಟು ಬಂದು ಚಳಿ ಚಳಿ ಅಂದಳು. ನಮ್ಮಲ್ಲಿ ಒಂದು ರೂಢಿಯಿದೆ: ಯಾರಾದರೂ ನಡುಗಿದರೆ ಓಣಿಯವರೆಲ್ಲ ಮನೆಯಿಂದ ಒಂದೊಂದು ಹೊದಿಕೆ ತಂದು ಹಾಕುತ್ತೇವೆ. ಕೊಡಲು ಬೇರೇನೂ ಇಲ್ಲದವರ ಪ್ರೀತಿ ಅದು. ಅವಳ ಗಂಡ ಈರಪ್ಪಣ್ಣ ಕಂಬಳಿ ಹೊದಿಸಿ, ಕಾಲ ಬಳಿ ಬೆಂಕಿಯನ್ನೂ ಮಾಡಿದ. ದ್ಯಾಮವ್ವ ಅವನ ಕೈ ಹಿಡಿದು, "ಈಗ ಹಿತ ಆತು ನೋಡ್ರಿ" ಅಂದಳು. ಹಾಗೆ ಅನ್ನುತ್ತಲೇ ಬೆಂದುಹೋದಳು. ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ಮೊನ್ನೆ ಸುಗಂಧಿಗೆ ಹದಗಾರ ಹೂತರು. ಹೂಳಿಸಿಕೊಳ್ಳದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದ ಮನೆಗೆ ನೀರಿಲ್ಲ. ಇವತ್ತು ಅವಳನ್ನು ಎತ್ತಿಕೊಂಡು ತಂದರು. "ಯವ್ವಾ, ಕಂಬಳಿ ಕೊಡ, ಹಲ್ಲು ಕಟಕಟ ಅನ್ನಾಕತ್ಯಾವ" ಅನ್ನುತ್ತಾಳೆ. ನಾನು ಕೊಡಲಿಲ್ಲ. ಒದ್ದೆ ಗೋಣಿಚೀಲ ಹಾಸಿ ಅದರ ಮೇಲೆ ಮಲಗಿಸಿದೆ. "ನೀ ತಾಯಿ ಏನ? ಸುಪರವೈಜರ್ ನಿನಗಿಂತ ಚಲೋ ಅದಾನ!" ಎಂದು ಕಿರುಚಿದಳು. ಬೈಯಲಿ. ಬೈಯುವಷ್ಟು ಹೊತ್ತು ಉಸಿರಿದೆ.

ನಮ್ಮ ಕೂಲಿಕಾರರ ಸಂಘದ ಡಾಕ್ಟರಮ್ಮ ಮೆಹರುನ್ನಿಸಾ ಬಂದು ನೋಡಿದರು. ಬರೀ ನೀರು ಸಾಲದು ಅಂದರು. ಗೆರೆ ಮೇಲಿರುವ ತನಕ ಮೈ ಈ ತಂಪಿನ ಮೇಲೇ ಜಗಳಕ್ಕೆ ಬೀಳುತ್ತದೆ, ಇನ್ನಷ್ಟು ನಡುಗಿ ಇನ್ನಷ್ಟು ಕಾವು ಹುಟ್ಟಿಸುತ್ತದೆ. ಹದಗಾರವನ್ನು ಕೊಯ್ದು ತೆಗೆಯಬೇಕು. ತೆಗೆದರೆ ಕಂಪನಿಗೆ ಆ ಕ್ಷಣವೇ ತಿಳಿಯುತ್ತದೆ, ಇಡೀ ಓಣಿಯ ನಲ್ಲಿ ಬಂದಾಗುತ್ತದೆ. ಒಬ್ಬರ ಮಗುವಿಗಾಗಿ ಎಲ್ಲರ ಬಾಯಿ ಒಣಗಿಸುವ ಕಾನೂನು ಅದು. ನಾವೇ ಒಬ್ಬರ ಮೇಲೊಬ್ಬರು ಕಾವಲಿರಬೇಕು ಅಂತ. ಓಣಿಯವರೆಲ್ಲ ಬಾಗಿಲಲ್ಲಿ ನಿಂತು ಇದನ್ನು ಕೇಳಿದರು. ನಾನು ಯಾರ ಮುಖವನ್ನೂ ನೋಡಲಾರದೆ ಹೋದೆ. ಆಗ ಈರಪ್ಪಣ್ಣ, "ಏನ್ ನೋಡ್ತೀರವ್ವ ಡಾಕ್ಟರಮ್ಮ, ಕೊಯ್ರಿ! ನಲ್ಲಿ ಬಂದ್ ಆದ್ರ ಕಂಪನಿ ನೀರಿನ ಟಾಕಿನ ಒಡಿಯೂಣು" ಅಂದ. ಹಿಂದಿನಿಂದ ಯಾವಳೋ, "ನಿನಗ ಗೋಡಿ ಹತ್ತಾಕ ಬರತೈತೇನೋ ಮುದುಕಾ?" ಅಂದಳು. ನಾಲ್ಕು ಜನ ನಕ್ಕರು. ನಕ್ಕವರೆಲ್ಲ ಮನೆಗೆ ಹೋಗಿ ಇದ್ದಬದ್ದ ನೀರನ್ನು ಕೊಡದಲ್ಲಿ ತಂದರು.

ಹದಗಾರ ಹೊರಗೆ ಬಂದಿದೆ. ನಲ್ಲಿ ನಿಂತಿದೆ. ಗಂಡಸರು ಹೆಂಗಸರು ಟಾಕಿಯ ಕಡೆ ಹೋಗಿದ್ದಾರೆ, ಅಲ್ಲಿಂದ ಕೂಗು ಕೇಳುತ್ತಿದೆ.

ನಿಮ್ಮಲ್ಲಿ ನನ್ನದೊಂದೇ ಕೇಳಿಕೆ. ನಿಮ್ಮ ಕಾಲದಲ್ಲಿ ಒಬ್ಬ ನಗುತ್ತಾ ಬರುತ್ತಾನೆ. ನಿನ್ನ ದಾಹ, ನಿನ್ನ ದಣಿವು, ನಿನ್ನ ನಿದ್ದೆ ನಾನು ನೋಡಿಕೊಳ್ಳುತ್ತೇನೆ, ನೀನು ದುಡಿ ಅನ್ನುತ್ತಾನೆ. ಸುಸ್ತಾಗದಂತೆ ಮಾಡುತ್ತೇನೆ ಅನ್ನುತ್ತಾನೆ. ಅವನಿಗೆ ಕತ್ತು ಕೊಡಬೇಡಿ. ಸುಸ್ತು ನಿಮ್ಮದು, ಬಾಯಾರಿಕೆ ನಿಮ್ಮದು. ನೆರಳು ಕೇಳಿ, ನೀರು ಕೇಳಿ, ಕೊಡದಿದ್ದರೆ ಒರೆಸುವ ಬಟ್ಟೆ ಕೆಳಗೆಸೆದು ಕೂತುಬಿಡಿ. ನೀವು ಕೂತಿದ್ದರೆ ನಾನು ಇವತ್ತು ಹೀಗೆ ಕೂರಬೇಕಿರಲಿಲ್ಲ.

ಸುಗಂಧಿಯ ನಡುಕ ನಿಂತಿದೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಡಾಕ್ಟರಮ್ಮ ಅವಳ ತುಟಿ ತೋರಿಸುತ್ತಾರೆ. ಗೆರೆ ಇಳಿದಿದ್ದರೆ ಮೊದಲು ಮೇಲ್ದುಟಿಯ ಮೇಲೆ ಬೆವರು ಒಡೆಯಬೇಕಂತೆ. ನಾನು ಬಗ್ಗಿ ನೋಡುತ್ತಿದ್ದೇನೆ. ತುಟಿ ಇನ್ನೂ ಒಣಗಿಯೇ ಇದೆ.