ಎದುರು ಪಕ್ಷದ ಮಗಳಿಗೆ

ಜೂನ್ ೧೪, ಶನಿವಾರ

ಪ್ರೀತಿಯ ಚಿನಕುರುಳಿಗೆ,

ಅಪ್ಪನ ಆಶೀರ್ವಾದಗಳು. ನಾನೂ ನಿನ್ನಮ್ಮನೂ ಚೆನ್ನಾಗಿದ್ದೇವೆ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಆದೇಶ ಬರುವ ತನಕ ನಾವಿಬ್ಬರೂ ಮಾತಾಡಕೂಡದು ಎಂದು ನಿಯಮ ಮಾಡಿದವನೇ ನಾನು. ವಿದೇಶಿ ಔಷಧ ಕಂಪನಿಯ ಪೇಟೆಂಟ್ ವಕೀಲ ಅಪ್ಪ. ಅದೇ ಪೇಟೆಂಟ್ ಕೊಡಬೇಡಿ ಎನ್ನುವ ರೋಗಿಗಳ ಸಂಘಕ್ಕೆ ವಕೀಲೆ ಮಗಳು. ಜನ ಆಡಿಕೊಳ್ಳದೆ ಬಿಡುತ್ತಾರೆಯೇ? "ಮನೆ ವಿಷಯನೂ ಮಾತಾಡೋ ಹಾಗಿಲ್ವಾಪ್ಪಾ?" ಎಂದು ನೀನು ಕೇಳಿದ್ದೆ. ಇಲ್ಲ ಎಂದು ನಾನು ಕಡ್ಡಿ ಮುರಿದಂತೆ ಹೇಳಿದ್ದೆ.

ನಿನ್ನೆ ಆದೇಶ ಬಂತು. ನೀನು ಗೆದ್ದೆ. ಭೇಷ್ ಮಗಳೇ! ನಿನ್ನಮ್ಮ, "ಸೋತು ಬಂದು ಹೀಗೆ ಹಲ್ಲು ಕಿರಿಯೋರನ್ನ ನಾನೆಲ್ಲೂ ನೋಡಿಲ್ಲ ಕಣ್ರೀ" ಎಂದಳು.

ಸೋಲುತ್ತೇವೆಂದು ನನಗೆ ಮೊದಲೇ ಗೊತ್ತಿತ್ತು. ಹಳೆಯ ಔಷಧದ ಇನ್ನೊಂದು ಲವಣರೂಪಕ್ಕೆ ಹೊಸ ಪೇಟೆಂಟ್ ಬೇಕು ಎಂದು ಕಂಪನಿಯವರು ಬಂದಾಗಲೇ, "ಇದು ನಿಲ್ಲಲ್ಲ ಸ್ವಾಮಿ, ಹೊಸದೇನಲ್ಲ, ನಿಮ್ಮ ಮೊದಲನೇ ಪೇಟೆಂಟಲ್ಲೇ ಇದೂ ಇದೆ" ಎಂದಿದ್ದೆ. ಆ ಮೊದಲನೆಯದನ್ನು ಬರೆದವನು ನಾನೇ ಅಲ್ಲವೇ! ಆಗ ಅವರ ಕೆಮಿಸ್ಟ್‌ಗೆ ಒಂದೂ ಕೈತಪ್ಪಿ ಹೋಗಬಾರದೆಂಬ ಆಸೆ. ಮಾಡಿ ನೋಡಿದ ಲವಣಗಳನ್ನೆಲ್ಲ ತುರುಕಿಸಿದ್ದ. ಅದನ್ನು ನೆನಪಿಸಿದರೆ ಈಗಿನವರು, "ಅಷ್ಟು ಹಳೇದನ್ನ ಯಾರು ಓದ್ತಾರೆ, ಬಿಡಿ" ಎಂದು ನಕ್ಕರು. ನನ್ನ ಮಗಳು ಓದಿದಳು! ವಿಚಾರಣೆಯಲ್ಲಿ ನೀನು ಎದ್ದು ನಿಂತು, ನಾನು ಬರೆದ ಸಾಲುಗಳನ್ನು ನನಗೇ ಓದಿ ಹೇಳಿದಾಗ ನನ್ನ ಪಕ್ಕದಲ್ಲಿದ್ದ ಕಂಪನಿಯ ಅಧಿಕಾರಿ ಪೆಚ್ಚಾದರು. ನಾನೇನೂ ಬಿಟ್ಟುಕೊಡಲಿಲ್ಲ, ನನ್ನ ಕೈಲಾದಷ್ಟು ವಾದಿಸಿದೆ. ಒಳಗೊಳಗೇ ಹಿಗ್ಗುತ್ತಿದ್ದೆ, ಅಷ್ಟೇ.

ಈ ತಿಂಗಳ ಕೊನೆಗೆ ಆಫೀಸು ಬಿಡುತ್ತಿದ್ದೇನೆ. ಮೇಜು ಖಾಲಿ ಮಾಡುತ್ತ ಕೂತರೆ ಋಣ ಇರುವವರೆಲ್ಲ ನೆನಪಾಗುತ್ತಾರೆ. ಟೆಲೆಕ್ಸ್ ಕಾಲದಲ್ಲಿ ಒಬ್ಬ ಮುದುಕ ಇದ್ದ, ಬಣ್ಣ ತಯಾರಿಸುವ ವಿದೇಶಿ ಕಂಪನಿಯವನು. ನಾನು ಕೇಳಿದ್ದನ್ನೇ ಹತ್ತು ಸಲ ಕೇಳಿದರೂ ರೇಗದೆ, "ಪೆದ್ದು ಪ್ರಶ್ನೆ ಕೇಳೋ ವಕೀಲನ್ನೇ ನಾನು ನಂಬೋದು" ಎನ್ನುತ್ತಿದ್ದ. ನಾನು ಕಲಿತ ರಸಾಯನಶಾಸ್ತ್ರವೆಲ್ಲ ಅವನ ಭಿಕ್ಷೆ. ಕೀಟನಾಶಕದವರು, ಮಾತ್ರೆಯವರು ಎಲ್ಲರೂ ನನ್ನನ್ನು ನಂಬಿದರು, ಅವರಿಂದಲೇ ಮನೆ ನಡೆಯಿತು, ನೀನು ಓದಿದೆ. ಓದಿ ನನ್ನನ್ನೇ ಸೋಲಿಸಿದೆ. ವೃತ್ತಿಯ ಕೊನೆಯ ಕೇಸಿಗೆ ಇಂಥ ಎದುರಾಳಿ ಸಿಗುವುದು ಪುಣ್ಯವೇ ಸರಿ.

ಹಳೆಯ ಪೇಟೆಂಟಿನ ಅವಧಿ ಹೇಗೂ ಮುಗಿದಿದೆ, ಆ ಔಷಧ ಇನ್ನು ಬೇರೆಯವರೂ ತಯಾರಿಸುತ್ತಾರೆ, ನಿನ್ನ ಸಂಘದ ಜನರ ಕೈಗೆ ಎಟುಕುತ್ತದೆ. ಅವರ ಹಾರೈಕೆ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು, ವಾದ ಮಾಡುವಾಗ ಅಷ್ಟು ಬೇಗ ಮಾತಾಡಬೇಡ. ನೂರು ಕಾಲ ಸುಖವಾಗಿ ಬಾಳು.

ಇಂತಿ ನಿನ್ನ,
ಅಪ್ಪ

ತಾ.ಕ.: ವಿಚಾರಣೆಯ ದಿನ ಕಾರಿಡಾರಿನಲ್ಲಿ ನೀನು ಕೆಮ್ಮುತ್ತಿದ್ದೆ. ನಾನು ತಡೆಯಲಾರದೆ ನೀರಿನ ಬಾಟಲಿ ಕೊಟ್ಟೆ. "ಥ್ಯಾಂಕ್ಯೂ ಸರ್" ಎಂದು ನೀನು ಮುಖ ನೋಡದೆ ಹೋದೆ. ನಿಯಮ ನನ್ನದೇ, ನೀನು ಪಾಲಿಸಿದೆ, ಸರಿ. ಆದರೆ ನಿನ್ನೆ ಆದೇಶ ಬಂದಾಗಿನಿಂದ ಫೋನು ಕೈಯಲ್ಲೇ ಹಿಡಿದು ಕೂತಿದ್ದೆ. ಸಂಜೆ ನಿನ್ನ ಮೆಸೇಜು ಬಂತು: "ಆದೇಶದ ಪ್ರತಿ ತಲುಪಿತೇ, ಸರ್?" ಅದನ್ನು ನಿನ್ನಮ್ಮನಿಗೆ ತೋರಿಸಲು ನನಗೆ ಧೈರ್ಯ ಬರಲಿಲ್ಲ. ಕೇಸು ಮುಗಿಯಿತಲ್ಲ ತಾಯಿ, ಇನ್ನಾದರೂ ಅಪ್ಪಾ ಅನ್ನು.