ಒಂದು ಮನೆ, ಒಬ್ಬ ವಕೀಲ

ಬೇಕರಿ ಮಹಡಿ, ಕೋಲ್‌ಫರ್ಡ್
ಮಾರ್ಚ್ ೯, ಸೋಮವಾರ

ಪ್ರೀತಿಯ ಮರ್ವಿನ್‌ಗೆ,

ಇಷ್ಟು ದಿನದ ಮೇಲೆ ನನ್ನ ಅಕ್ಷರ ಕಂಡು ಯಾರಾದರೂ ಸತ್ತರೇನೋ ಎಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದಾರೆ. ನನ್ನ ಬಲ ಮೊಣಕಾಲು ಮಾತ್ರ ತರಚಿದೆ, ಪಟ್ಟಿ ಕಟ್ಟಿಕೊಂಡು ಕೂತಿದ್ದೇನೆ. ಅದರ ಕಥೆ ಕೊನೆಗೆ ಹೇಳುತ್ತೇನೆ, ಅಷ್ಟರಲ್ಲಿ ಧೈರ್ಯ ಉಳಿದಿದ್ದರೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹ್ಞೂಂ" ಎನ್ನುತ್ತೀಯ, ನಾನು "ಸರಿ" ಎನ್ನುತ್ತೇನೆ, ಆಮೇಲೆ ಇಬ್ಬರೂ ನಿನ್ನ ತಮ್ಮ ರಾಯ್‌ಸ್ಟನ್‌ನ ನಾಯಿ ಹೇಗಿದೆ ಎಂದು ಮಾತಾಡಿ ಇಟ್ಟುಬಿಡುತ್ತೇವೆ. ಆ ನಾಯಿಯ ಆರೋಗ್ಯದ ಬಗ್ಗೆ ನನಗೀಗ ಡಾಕ್ಟರಿಗಿಂತ ಹೆಚ್ಚು ಗೊತ್ತಿದೆ. ನಿನ್ನದರ ಬಗ್ಗೆ ಏನೂ ಗೊತ್ತಿಲ್ಲ.

ವಿಷಯಕ್ಕೆ ಬರುತ್ತೇನೆ. ಚಾಪೆಲ್‌ಗೆ ಹೋಗುವ ದಾರಿಯ ತಿರುವಿನಲ್ಲಿರುವ ಪಿಯರ್ ಮರದ ಮನೆ ಮಾರಾಟಕ್ಕೆ ಬಂದಿದೆ. ವಯಸ್ಸಾದ ಮಿಸ್ ಗ್ವಿಲಿಯಂ ಮನ್‌ಮತ್‌ನಲ್ಲಿರುವ ತಂಗಿಯ ಮಗಳ ಮನೆಗೆ ಹೋಗಿಬಿಟ್ಟಿದ್ದಾರೆ, ಆ ಹುಡುಗಿಯೇ ಮಾರಿಸುತ್ತಿದ್ದಾಳೆ. ಇದು ನಿನಗೆ ಹೊಸ ಸುದ್ದಿಯೇನೂ ಅಲ್ಲ. ನಿನಗೆ ಹೊಸದಲ್ಲ ಎನ್ನುವುದು ನನಗೆ ಹೇಗೆ ತಿಳಿಯಿತು ಎನ್ನುವುದೇ ಈ ಕಾಗದದ ವಿಷಯ.

ಪೇಟೆಯಲ್ಲಿ ಬೋರ್ಡು ಕಂಡ ದಿನವೇ ನಾನು ಏಜೆಂಟ್ ಹತ್ತಿರ ಓಡಿದೆ. ಚೂಪು ಬೂಟಿನ ಹುಡುಗ. ನಾನು ಬೆಲೆ ಹೇಳುವ ಮೊದಲೇ ಅವನು ಕೈ ಹೊಸೆದುಕೊಂಡು, "ಮೇಡಂ, ಇನ್ನೊಬ್ರೂ ಕೇಳ್ತಿದ್ದಾರೆ. ಇಬ್ರೂ ಮುಂದಿನ ಶುಕ್ರವಾರದೊಳಗೆ ಕೊನೇ ಬೆಲೆ ಬರೆದು ಕೊಡಿ. ನಿಮ್ಮ ವಕೀಲರ ಹೆಸರೂ ಬೇಕು. ಮಾರೋರ ವಕೀಲ್ರು ಮನ್‌ಮತ್‌ನಲ್ಲಿದ್ದಾರೆ, ಅವರು ತಡ ಮಾಡೋರಲ್ಲ" ಎಂದ. ಆ ಇನ್ನೊಬ್ಬರ ಮೇಲೆ ನನಗೆ ಎಂಥ ಸಿಟ್ಟು ಬಂತು ಗೊತ್ತೇ? ಲಂಡನ್ನಿನಿಂದ ಬಂದ ಯಾವನೋ ಇರಬೇಕು, ಮರ ಕಡಿದು ಕಾರು ನಿಲ್ಲಿಸುವವನು, ಎಂದುಕೊಂಡು ದಾರಿಯುದ್ದಕ್ಕೂ ಅವನಿಗೆ ಶಾಪ ಹಾಕಿದೆ.

ವಕೀಲರ ವಿಷಯದಲ್ಲಿ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಸೀದಾ ವಿಂಟಲ್ ಆಫೀಸಿಗೆ ಹೋದೆ. ಯಾಕೆಂದು ನಿನಗೆ ಹೇಳಬೇಕಿಲ್ಲ. ಇಪ್ಪತ್ತು ವರ್ಷದ ಹಿಂದೆ ಇದೇ ಮನೆ ಕೊಳ್ಳಲು ಹೊರಟಾಗ, ಫೀಸು ಕಡಿಮೆ ಎಂದು, ನೀನು ಎಲ್ಲಿಯೋ ಇನ್ನೂರು ಮೈಲಿ ದೂರದ ಫೋನ್ ವಕೀಲರನ್ನು ಹಿಡಿದಿದ್ದೆ. ಅಲ್ಲಿಯ ಹುಡುಗಿ ನನ್ನನ್ನು ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ಕಲ್ಲಿದ್ದಲಾ? ಮನೇಲಿ ಕಲ್ಲಿದ್ದಲು ಉರಿಸ್ತೀರಾ ಮೇಡಂ?" ನಮ್ಮ ಡೀನ್ ಕಾಡಿನಲ್ಲಿ ಒಬ್ಬನ ಹೂದೋಟದ ಕೆಳಗಿನ ಕಲ್ಲಿದ್ದಲನ್ನು ಅಗೆಯುವ ಹಕ್ಕು ಇನ್ನೊಬ್ಬನಿಗಿರುತ್ತದೆ, ಸುರಂಗ ಎಲ್ಲಿ ಬಂದು ನಿಂತಿದೆ ಎಂದು ಗಣಿ ಕಚೇರಿಯಲ್ಲಿ ಕೇಳದೆ ಇಲ್ಲಿ ಯಾರೂ ಮನೆ ಕೊಳ್ಳುವುದಿಲ್ಲ. ಇದನ್ನು ಆ ಹುಡುಗಿಗೆ ಅರ್ಥ ಮಾಡಿಸುವಷ್ಟರಲ್ಲಿ ವಸಂತ ಕಳೆದು ಬೇಸಿಗೆ ಬಂತು. ಆಗ ಮಿಸ್ ಗ್ವಿಲಿಯಂ ವಿಂಟಲ್ ಅವರನ್ನು ಹಿಡಿದು, ಪಿಯರ್ ಹಣ್ಣಾಗುವ ಮೊದಲೇ ಮನೆಯೊಳಗೆ ಹೋಗಿ ಕೂತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಮೇಲೆ ನಾವು ಗ್ಲಾಸ್ಟರ್‌ನಲ್ಲಿ ಆ ಹೊಸ ಮನೆ ಕೊಂಡೆವು. ಬೆಂಕಿಪೆಟ್ಟಿಗೆಯಂಥ ಮನೆ, ಆದರೆ ಚೊಕ್ಕವಾಗಿತ್ತು. ಇಲ್ಲಿಯ ಹಾಗೆ ಅಲ್ಲಿ ಕುರಿಗಳು ರಸ್ತೆಗೆ ಬರುತ್ತಿರಲಿಲ್ಲ, ಯಾರೂ ಯಾರ ಗೇಟಿಗೂ ಬರುತ್ತಿರಲಿಲ್ಲ. ನೀನು ಶೆಡ್ಡಿನಲ್ಲಿ, ನಾನು ಅಡುಗೆಮನೆಯಲ್ಲಿ. ಜಗಳವಾಡಿದ್ದರೆ ರಾಜಿಯಾದರೂ ಆಗಬಹುದಿತ್ತು. ನಮಗೆ ಜಗಳಕ್ಕೂ ಮಾತು ಉಳಿಯಲಿಲ್ಲ. "ಸ್ವಲ್ಪ ದಿನ ರಾಯ್‌ಸ್ಟನ್ ಹತ್ರ ಇದ್ದು ಬರ್ತೀನಿ" ಎಂದು ನೀನು ಹೋದೆ. ಸ್ವಲ್ಪ ದಿನ ಎಂದರೆ ಎರಡು ಚಳಿಗಾಲ ಎಂದು ನನಗೆ ಆಗ ತಿಳಿದಿರಲಿಲ್ಲ. ಹೋದ ಶರತ್ಕಾಲದಲ್ಲಿ ಆ ಮನೆ ಮಾರಿ ಅರ್ಧ ಅರ್ಧ ಹಂಚಿಕೊಂಡಾಗಲೂ ನಾವು ಮಾತಾಡಿದ್ದು ಪರದೆಗಳ ಬಗ್ಗೆ.

ಇರಲಿ. ಹೋದ ಗುರುವಾರ ವಿಂಟಲ್ ಆಫೀಸಿನ ಮೆಟ್ಟಿಲು ಹತ್ತಿದೆ. ಕೆಳಗೆ ಅದೇ ಕಬ್ಬಿಣದ ಸಾಮಾನಿನ ಅಂಗಡಿ, ಮೇಲೆ ಅದೇ ಗ್ಯಾಸ್ ಒಲೆಯ ವಾಸನೆ. ನಮ್ಮ ಮದುವೆಯಲ್ಲಿ ಎರಡು ಸಲ ಕೇಕ್ ಹಾಕಿಸಿಕೊಂಡು ತಿಂದ ಮನುಷ್ಯ, ನನ್ನನ್ನು ಕೂರಿಸಿ, "ಗ್ಲೆನಿಸ್, ಪಾಸ್‌ಪೋರ್ಟ್ ತಂದಿದೀರಾ? ನೀವು ನೀವೇ ಅಂತ ನನಗೆ ಖಾತ್ರಿಯಾಗ್ಬೇಕಲ್ಲ" ಎಂದರು. "ನನಗೇ ಖಾತ್ರಿಯಿಲ್ಲ, ನೀವೇ ನೋಡಿ ಹೇಳಿ" ಎಂದೆ. ನಕ್ಕರು. ಆಮೇಲೆ ಯಾವ ಮನೆ ಎಂದು ಕೇಳಿದರು, ಹೇಳಿದೆ.

ಮರ್ವಿನ್, ಅವರ ನಗು ಅಲ್ಲೇ ನಿಂತುಹೋಯಿತು. ಪೆನ್ನಿನ ಮುಚ್ಚಳ ಹಾಕಿದರು. "ಈ ಕೆಲಸ ನಾನು ತಗೊಳ್ಳೋಕಾಗಲ್ಲ" ಎಂದರು. ಯಾಕೆ ಎಂದೆ. "ಯಾಕೆ ಅಂತ ಹೇಳೋಕೂ ಆಗಲ್ಲ" ಎಂದು ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಕಿಟಕಿಯ ಕಡೆ ನೋಡಿದರು. ಮಾರುವವರ ವಕೀಲರು ಮನ್‌ಮತ್‌ನವರು, ಇವರಲ್ಲ. ಹಾಗಿದ್ದರೆ ಆ ಇನ್ನೊಬ್ಬರ ವಕೀಲರು ಇವರೇ. ಒಂದೇ ಮನೆಗೆ ಪೈಪೋಟಿ ಮಾಡುವ ಇಬ್ಬರಿಗೂ ಒಬ್ಬನೇ ವಕೀಲನಾಗುವಂತಿಲ್ಲ, ಅಷ್ಟು ನನಗೂ ತಿಳಿಯುತ್ತದೆ. ಲಂಡನ್ನಿನವನು ವಿಂಟಲ್ ಹತ್ತಿರ ಯಾಕೆ ಬರುತ್ತಾನೆ ಎನ್ನುವುದು ಮಾತ್ರ ತಿಳಿಯಲಿಲ್ಲ.

ಹೊರಗೆ ಬೆರಿಲ್ ಕೂತಿದ್ದಳು. ನನ್ನ ಜೊತೆ ಶಾಲೆಯಲ್ಲಿದ್ದವಳು, ಈಗ ವಿಂಟಲ್ ಅವರ ಬಾಗಿಲು ಕಾಯುವವಳು. ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದಳು. "ನನ್ನ ಕೇಳ್ಬೇಡ ಕಣೇ. ನೀನು ಕೇಳಿದ್ರೆ ನಾನು ಹೇಳ್ಬಿಡ್ತೀನಿ, ಆಮೇಲೆ ಕೆಲಸ ಹೋಗುತ್ತೆ. ಬೇರೆ ಯಾರನ್ನಾದ್ರೂ ನೋಡ್ಕೋ, ಕಂಪ್ಯೂಟರ್‌ನಲ್ಲಿ ಬೇಕಾದಷ್ಟು ವಕೀಲ್ರು ಸಿಗ್ತಾರೆ."

"ದೂರದ ವಕೀಲರ ಸಹವಾಸ ಒಂದ್ಸಲ ಮಾಡಿ ಆಗಿದೆ" ಎಂದೆ.

ಅದಕ್ಕೆ ಬೆರಿಲ್, "ಅಯ್ಯೋ, ಅದೇ ಮಾತು!" ಎಂದವಳು ಬಾಯಿಗೆ ಕೈ ಅಡ್ಡ ಹಿಡಿದು, ಇದ್ದಕ್ಕಿದ್ದಂತೆ ಮೇಜಿನ ಮೇಲಿದ್ದ ಗಿಡಕ್ಕೆ ನೀರು ಹಾಕತೊಡಗಿದಳು. ಅದು ಪ್ಲಾಸ್ಟಿಕ್ ಗಿಡ. ನನಗೆ ಆಗಲೂ ಹೊಳೆಯಲಿಲ್ಲ. ಅಥವಾ ಹೊಳೆಯಿತೋ ಏನೋ, ನಾನು ಒಳಗೆ ಬಿಟ್ಟುಕೊಳ್ಳಲಿಲ್ಲ. ಆಸೆ ಪಟ್ಟು ಸುಳ್ಳಾದರೆ ಎಂಬ ಭಯ ನನಗೆ ಈಚೆಗೆ ಜಾಸ್ತಿ.

ಶನಿವಾರ ಆ ಮನೆ ನೋಡಲು ಒಬ್ಬಳೇ ಹೋದೆ. ಬೀಗದ ಕೈ ಬೇಕಿರಲಿಲ್ಲ, ತೋಟ ನೋಡಿದರೆ ಸಾಕಿತ್ತು. ರಸ್ತೆಯಲ್ಲಿ ಕುರಿಗಳು ಯಾರದೋ ಕಾರನ್ನು ಅಡ್ಡಗಟ್ಟಿ ನಿಂತಿದ್ದವು. ಮಿಸ್ ಗ್ವಿಲಿಯಂ ಗೇಟಿನ ಚಿಲಕ ತುಕ್ಕು ಹಿಡಿದು ಬಿದ್ದಿದೆ. ಆದರೆ ಗೇಟು ಮುಚ್ಚಿತ್ತು. ಹುಲ್ಲಿನ ಪಿಂಡಿ ಕಟ್ಟುವ ಕಿತ್ತಳೆ ಬಣ್ಣದ ದಾರದಿಂದ ಯಾರೋ ಕಟ್ಟಿದ್ದರು. ಕಂಬಕ್ಕೆ ಎರಡು ಸುತ್ತು, ಕೆಳಗಿನಿಂದ ಒಂದು ಮಡಿಕೆ, ತುದಿಯನ್ನು ಒಳಗೆ ತೂರಿಸಿ ಬಿಗಿದ ಗಂಟು.

ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ನಮ್ಮ ಮೊದಲ ಬಾಡಿಗೆ ಮನೆ ನೆನಪಿದೆಯೇ? ಕುರಿಗಳು ನನ್ನ ಕೋಸುಗಡ್ಡೆಯನ್ನೆಲ್ಲ ಮೇದು ಹೋದ ಮೇಲೆ ನೀನು ಗೇಟಿಗೆ ಇದೇ ಗಂಟು ಹಾಕಿ, "ಇದನ್ನ ಕುರಿಗೂ ಬಿಚ್ಚೋಕಾಗಲ್ಲ, ಹೆಂಡ್ತಿಗೂ ಬಿಚ್ಚೋಕಾಗಲ್ಲ" ಎಂದು ಬೀಗಿದ್ದೆ. ದಿನವೂ ನಾನು ಗೇಟಿನ ಹತ್ತಿರ ನಿಂತು ಕೂಗುತ್ತಿದ್ದೆ, ನೀನು ಕೈಯಲ್ಲಿದ್ದ ಕೆಲಸ ಬಿಟ್ಟು ಗೊಣಗುತ್ತ ಬಂದು ಬಿಚ್ಚುತ್ತಿದ್ದೆ. ಗೊಣಗುವಾಗಲೂ ನಿನ್ನ ಮುಖ ಸಂತೋಷದಿಂದಿರುತ್ತಿತ್ತು. ಆ ಮುಖ ಗ್ಲಾಸ್ಟರ್‌ಗೆ ನಮ್ಮ ಜೊತೆ ಬರಲೇ ಇಲ್ಲ.

ಹಾಗಾಗಿ ಆ ಲಂಡನ್ನಿನವನು ನೀನೇ. ಹಾಕಿದ ಶಾಪವನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ, ಒಂದೆರಡನ್ನು ಬಿಟ್ಟು. ನೋಡು ನಮ್ಮ ಹಣೆಬರಹ: ಒಂದು ತಪ್ಪಿನಿಂದ ಇಬ್ಬರೂ ಒಂದೇ ಪಾಠ ಕಲಿತೆವು. ಅದಕ್ಕೇ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ವಿಂಟಲ್ ಅವರ ಎದುರಿನ ಅದೇ ಕುರ್ಚಿಯಲ್ಲಿ ಹೋಗಿ ಕೂತೆವು. ಮಾರಿದ ಒಂದು ಮನೆಯ ಎರಡು ಅರ್ಧಗಳು ಇನ್ನೊಂದು ಮನೆಗೆ ಪೈಪೋಟಿಗೆ ಇಳಿದಿವೆ, ಲಾಭ ಆ ಚೂಪು ಬೂಟಿನವನಿಗೆ. ವಿಚ್ಛೇದನಕ್ಕೆ ಹೋಗಿದ್ದರೂ ನಾವಿಬ್ಬರೂ ವಿಂಟಲ್ ಹತ್ತಿರವೇ ಹೋಗುತ್ತಿದ್ದೆವು, ಅವರು ಇಬ್ಬರನ್ನೂ ವಾಪಸು ಕಳಿಸುತ್ತಿದ್ದರು. ಇದನ್ನು ನೆನೆದು ಆ ಕಲ್ಲಿನ ಮೇಲೆ ಕೂತು ಜೋರಾಗಿ ನಕ್ಕೆ. ಕುರಿಗಳು ಬೆದರಿ ದೂರ ಹೋದವು. ಆಮೇಲೆ ಅತ್ತುಬಿಟ್ಟೆ, ಅದನ್ನು ನೋಡಲು ಕುರಿಗಳೂ ಇರಲಿಲ್ಲ.

ತೋಟದೊಳಗೆ ಹೋಗಿ ನೋಡಿದೆ. ಪಿಯರ್ ಮರದ ಒಂದು ಕೊಂಬೆ ಮುರಿದಿದೆ, ಉಳಿದದ್ದೆಲ್ಲ ಮೊಗ್ಗು ಬಿಟ್ಟಿದೆ. ಹಿತ್ತಲಿನ ಇಳಿಜಾರಿನಲ್ಲಿ ನೆಲ ಸ್ವಲ್ಪ ಕುಸಿದಿದೆ, ವಿಂಟಲ್ ಅದನ್ನು ಗಣಿ ಕಚೇರಿಯಲ್ಲಿ ಕೇಳಲೇಬೇಕು. ಅಡುಗೆಮನೆಯ ಕಿಟಕಿಗೆ ಮುಖ ಒತ್ತಿ ನೋಡಿದೆ. ಒಲೆಯ ಪಕ್ಕ ಎರಡು ಕುರ್ಚಿಗೆ ಜಾಗವಿದೆ. ಶೆಡ್ಡು ಇದೆ, ಆದರೆ ಮಾಡು ಬಿದ್ದುಹೋಗಿದೆ. ಬಿದ್ದದ್ದು ಬಿದ್ದೇ ಇರಲಿ ಎನಿಸಿತು.

ಈ ಕಾಗದ ಬರೆಯಬೇಕೆಂದು ಮೊದಲು ಯೋಚಿಸಿದಾಗ, ದಯವಿಟ್ಟು ಮನೆ ನನಗೆ ಬಿಟ್ಟುಕೊಡು ಎಂದು ಕೇಳಬೇಕೆಂದಿದ್ದೆ. ಅದಕ್ಕೆ ಬೇಕಾದ ವಾದವನ್ನೆಲ್ಲ ಭಾನುವಾರ ಚಾಪೆಲ್‌ನಲ್ಲಿ ಪ್ರಾರ್ಥನೆ ಮಾಡದೆ ಹೊಂದಿಸಿಕೊಂಡಿದ್ದೆ. ರಾತ್ರಿ ಬರೆಯಲು ಕೂತರೆ ಒಂದು ವಾದವೂ ನಿಲ್ಲಲಿಲ್ಲ. ಆ ಮನೆಗೆ ನಾನು ಒಬ್ಬಳೇ ಹೋದರೆ ನಿನ್ನ ಗಂಟನ್ನು ದಿನವೂ ನೆನೆಯುತ್ತೇನೆ. ನೀನೊಬ್ಬನೇ ಹೋದರೆ, ಚಾಪೆಲ್‌ಗೆ ಹೋಗುವಾಗೆಲ್ಲ ನಾನು ಆ ತಿರುವಿನಲ್ಲಿ ಕಣ್ಣು ಮುಚ್ಚಿ ನಡೆಯಬೇಕಾಗುತ್ತದೆ. ನನಗೆ ಮನೆ ಬೇಕು ಎಂದುಕೊಂಡಿದ್ದೆ. ನನಗೆ ಬೇಕಾಗಿರುವುದು ನೀನು, ಆ ಮನೆಯಲ್ಲಿ.

ಅದಕ್ಕೇ ಇವತ್ತು ಬೆಳಿಗ್ಗೆ ಮತ್ತೆ ವಿಂಟಲ್ ಹತ್ತಿರ ಹೋಗಿದ್ದೆ. ನಿನ್ನ ಹೆಸರು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಸುಮ್ಮನೆ ಲೋಕಾಭಿರಾಮವಾಗಿ, "ಪೈಪೋಟಿ ಮಾಡೋ ಇಬ್ಬರಿಗೆ ನೀವೊಬ್ರೇ ವಕೀಲರಾಗೋ ಹಾಗಿಲ್ಲ, ಸರಿ. ಆ ಇಬ್ರೂ ಒಟ್ಟಿಗೆ ಕೊಂಡ್ಕೊಳ್ತೀವಿ ಅಂತ ಬಂದ್ರೆ?" ಎಂದು ಕೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಆಗ ಒಬ್ಬ ವಕೀಲ ಸಾಕು ಗ್ಲೆನಿಸ್. ಕುರ್ಚಿ ಮಾತ್ರ ಇನ್ನೊಂದು ಹಾಕಿಸ್ಬೇಕು" ಎಂದರು. ಬಾಗಿಲ ಆಚೆ ಬೆರಿಲ್ ಮೂಗೆಳೆದುಕೊಳ್ಳುವುದು ಕೇಳಿಸಿತು.

ಈ ಗುರುವಾರ ಹತ್ತು ಗಂಟೆಗೆ ಅವರ ಹತ್ತಿರ ಸಮಯ ಕೇಳಿದ್ದೇನೆ. ನೀನು ಬಂದರೆ ಒಂದೇ ಬೆಲೆ, ಎರಡು ಹೆಸರು. ಬರದಿದ್ದರೆ ನಾನು ಏಜೆಂಟ್ ಹತ್ತಿರ ಹೋಗಿ ನನ್ನ ಹೆಸರು ತೆಗೆಸುತ್ತೇನೆ. ಮನೆ ನಿನ್ನದೇ ಆಗಲಿ, ನಿನ್ನಿಂದ ಕಸಿದುಕೊಂಡು ನಾನು ಅದರಲ್ಲಿ ಇರಲಾರೆ. ಬೇರೆ ವಕೀಲರನ್ನು ನಾನು ಹುಡುಕುವುದಿಲ್ಲ.

ಪಾಸ್‌ಪೋರ್ಟ್ ಮರೆಯಬೇಡ. ನಮ್ಮ ಮದುವೆಯ ಕೇಕ್ ತಿಂದವರಾದರೂ, ನೀನು ನೀನೇ ಎಂದು ಅವರಿಗೆ ಖಾತ್ರಿಯಾಗಬೇಕು. ನನಗೆ ಆಗಿದೆ.

ಇನ್ನೂ ನಿನ್ನ ಹೆಂಡತಿ,
ಗ್ಲೆನಿಸ್

ತಾ.ಕ.: ಮೊಣಕಾಲಿನ ಕಥೆ ಉಳಿಯಿತು. ಶನಿವಾರ ಆ ತೋಟದೊಳಗೆ ನಾನು ಗೇಟು ತೆಗೆದು ಹೋಗಲಿಲ್ಲ, ಕಲ್ಲಿನ ಗೋಡೆ ಹತ್ತಿ ಹಾರಿ ಹೋದೆ, ಈ ವಯಸ್ಸಿನಲ್ಲಿ. ನಿನ್ನ ಗಂಟು ಬಿಚ್ಚಲು ನನಗೆ ಬರುತ್ತದೆ ಮರ್ವಿನ್. ಆ ಬಾಡಿಗೆ ಮನೆಯಲ್ಲಿ ದಿನವೂ ನಿನ್ನನ್ನು ಕೂಗುತ್ತಿದ್ದಾಗಲೂ ಬರುತ್ತಿತ್ತು. ಶನಿವಾರ ಬಿಚ್ಚಲು ಮನಸ್ಸಾಗಲಿಲ್ಲ. ಅದು ಹಾಗೇ ಇದೆ, ನೀನೇ ಬಂದು ಬಿಚ್ಚು.